ಕಾಯಲು ಬಾರದ ರೆಕಾರ್ಡರ್

ಆ ರೆಕಾರ್ಡರ್ ಆರಿಸಿದವನು ನಾನು. ಯಾರಾದರೂ ಕೇಳಿದರೆ ಚಿಕ್ಕಪ್ಪ ಇಂದಿಗೂ ‘ನಾವು ತಂದದ್ದು’ ಎನ್ನುತ್ತಾರೆ.

ನಮ್ಮ ತಾರಸಿಯ ಡಿಶ್‌ಗೆ ಮೋಟಾರ್ ಇತ್ತು. ಆಕಾಶದ ಈ ತುದಿಯ ಉಪಗ್ರಹದಿಂದ ಆ ತುದಿಯದಕ್ಕೆ ಮುಖ ತಿರುಗಿಸಲು ಅದು ಐವತ್ತು ಸೆಕೆಂಡು ನರಳುತ್ತಿತ್ತು. ದಿನವಿಡೀ ಬಂದರಿನ ಕ್ರೇನಿನಲ್ಲಿ ಕೂತು ಬಂದ ಚಿಕ್ಕಪ್ಪ ಸಂಜೆ ಭಾಷೆಯೇ ತಿಳಿಯದ ಚಾನೆಲ್‌ಗಳನ್ನು ಹುಡುಕುತ್ತಿದ್ದರು. ಚಿಕ್ಕಮ್ಮ ಡಿಶ್ಶನ್ನು ಸವತಿ ಎಂದೇ ಕರೆಯುತ್ತಿದ್ದಳು. ಅವಳು ತೀರಿಕೊಂಡು ನಾಲ್ಕು ವರ್ಷ. ಫೋಟೋಗಳಿದ್ದವು, ದನಿ ಮಾತ್ರ ಎಲ್ಲೂ ಉಳಿದಿರಲಿಲ್ಲ.

ಹೀಗಿರುವಾಗ ಒಂದು ಸಣ್ಣ ಚಾನೆಲ್‌ನ ಪಟ್ಟಿಯಲ್ಲಿ ಹಳೆಯ ಸಾಕ್ಷ್ಯಚಿತ್ರವೊಂದರ ಹೆಸರು ಕಾಣಿಸಿತು. ಮದುವೆಗೆ ಮುಂಚೆ ಚಿಕ್ಕಮ್ಮ ದುಡಿದ ನೂಲಿನ ಗಿರಣಿಯ ಚಿತ್ರ. ಅವಳೇ ಹಿಂದೆ ಚಿಕ್ಕಪ್ಪನಿಗೆ ಹೇಳಿದ್ದಳು: ತುಂಡಾದ ನೂಲಿಗೆ ಗಂಟು ಹಾಕುವುದನ್ನು ಅವಳು ಅದರಲ್ಲಿ ವಿವರಿಸುತ್ತಾಳಂತೆ, ನಡುವೆ ತಡವರಿಸಿ ನಗುತ್ತಾಳಂತೆ, ಆ ನಗುವನ್ನು ಚಿತ್ರ ತೆಗೆದವರು ಕತ್ತರಿಸಲಿಲ್ಲವಂತೆ. ಗುರುವಾರ ಬೆಳಿಗ್ಗೆ ಹತ್ತೂವರೆಗೆ, ಒಂದೇ ಪ್ರಸಾರ. ಪ್ರತಿ ಕೊಡುವ ಪದ್ಧತಿ ಇಲ್ಲವೆಂದು ಚಾನೆಲ್‌ನವರು ಉತ್ತರ ಬರೆದರು.

ಮೂರು ದಿನ ಅಂತರ್ಜಾಲವನ್ನು ಅರೆದು ಕುಡಿದು ನಾನು ಚಿಕ್ಕಪ್ಪನನ್ನು ಕರೆದುಕೊಂಡು ಅಂಗಡಿಗೆ ಹೋದೆ. ಅಂಗಡಿಯವರು ಎರಡು ರೆಕಾರ್ಡರ್ ಮುಂದಿಟ್ಟರು. ಒಂದು ತೆಳ್ಳಗೆ, ಒಟ್ಟಿಗೆ ಎರಡು ಚಾನೆಲ್ ಹಿಡಿಯುವ ಎರಡು ಟ್ಯೂನರಿನದು. ಇನ್ನೊಂದು ಇಟ್ಟಿಗೆಯಂತಿತ್ತು, ಒಂದೇ ಟ್ಯೂನರ್. ಮೋಟಾರ್ ಎಷ್ಟು ಹಳೆಯದೆಂದು ಕೇಳಿಕೊಂಡು ಇಟ್ಟಿಗೆಯನ್ನೇ ನನ್ನತ್ತ ತಳ್ಳಿದರು.

“ಟ್ಯೂನರ್ ಎರಡಿದ್ರೇನು, ಡಿಶ್ಶಿಗೆ ಮುಖ ಒಂದೇ ತಾನೆ? ಇದು ಎಮ್ಮೆ ಇದ್ದಹಾಗೆ, ಆದ್ರೆ ಕಾಯುತ್ತೆ. ಮೋಟಾರ್ ನಿಲ್ಲೋವರೆಗೂ ಕಾಯುತ್ತೆ.”

“ಕಾಯೋದಕ್ಕೆ ನಾವಿದೀವಲ್ಲ, ಯಂತ್ರ ಯಾಕೆ?” ಎಂದೆ. ಚಿಕ್ಕಪ್ಪ ನಕ್ಕರು. ಆ ನಗುವಿನ ಹುಮ್ಮಸ್ಸಿನಲ್ಲೇ ತೆಳ್ಳಗಿನದನ್ನು ಕಟ್ಟಿಸಿಕೊಂಡೆ.

ಎರಡು ಸಲ ಪರೀಕ್ಷಿಸಿದೆ. ಎರಡು ಸಲವೂ ಡಿಶ್ ಮೊದಲೇ ಆ ಚಾನೆಲ್‌ನ ಉಪಗ್ರಹದ ಕಡೆಗೇ ನಿಂತಿತ್ತು, ಚಿತ್ರ ಕನ್ನಡಿಯಂತೆ ಬಂತು. ಗುರುವಾರ ರಜೆ ಹಾಕುತ್ತೇನೆಂದರು ಚಿಕ್ಕಪ್ಪ. ನಾನೇ ತಡೆದೆ.

“ಸಂಜೆ ಬಂದು ಎಷ್ಟು ಸಲ ಬೇಕಾದ್ರೂ ನೋಡಿ, ಚಿಕ್ಕಪ್ಪ. ರೆಕಾರ್ಡರ್‌ಗೆ ಬಿಟ್ಬಿಡಿ.”

“ಆಯ್ತಪ್ಪ, ವಿಜ್ಞಾನಿಗಳು ಹೇಳಿದ ಮೇಲೆ ಇನ್ನೇನು.”

ಗುರುವಾರ ಅವರು ಆರಕ್ಕೇ ಹೊರಟರು. ಕನ್ನಡಕದ ಗಾಜು ಉಜ್ಜುವ ನನ್ನ ಕೆಲಸ ಶುರುವಾಗುವುದು ಹತ್ತಕ್ಕೆ. ಅಲ್ಲಿಯವರೆಗೆ ಆಕಾಶದ ಇನ್ನೊಂದು ತುದಿಯ ಚಾನೆಲ್‌ನಲ್ಲಿ ಫುಟ್ಬಾಲ್ ನೋಡಿದೆ. ಡಿಶ್ಶನ್ನು ಹಾಗೇ ಬಿಟ್ಟು ಹೋದೆ. ರೆಕಾರ್ಡರ್ ತಾನೇ ತಿರುಗಿಸಿಕೊಳ್ಳುತ್ತದಲ್ಲ.

ತಿರುಗಿಸಿಕೊಂಡಿತ್ತು ಕೂಡ. ಸಂಜೆ ನಾನೇ ಮೊದಲು ಬಂದು ತೆರೆದು ನೋಡಿದೆ. ಹನ್ನೆರಡು ಸೆಕೆಂಡು ಕಪ್ಪು ಪರದೆ, ಮೇಲೆ ‘ಸಿಗ್ನಲ್ ಇಲ್ಲ’. ಡಿಶ್ ಇನ್ನೂ ದಾರಿಯಲ್ಲಿರುವಾಗಲೇ ರೆಕಾರ್ಡರ್ ಕಾರ್ಯಕ್ರಮವೇ ಇಲ್ಲವೆಂದು ತೀರ್ಮಾನಿಸಿ ಕೆಲಸ ಮುಗಿಸಿತ್ತು.

ಚಿಕ್ಕಪ್ಪ ಬಂದವರು ಮುಖ ತೊಳೆದು, ತಲೆ ಬಾಚಿ ಕುರ್ಚಿಯಲ್ಲಿ ಕೂತರು. ಕ್ರೇನಿನ ಮೇಲಿಂದ ನಮ್ಮ ತಾರಸಿ ಬೆರಳಗಲ ಕಾಣುತ್ತದೆ.

“ಹತ್ತೂವರೆಗೆ ಕೆಲಸ ನಿಲ್ಲಿಸಿ ನೋಡ್ತಾ ಕೂತಿದ್ದೆ ಕಣೋ,” ಎಂದರು. “ಡಿಶ್ಶು ಆ ಕಡೆ ಇತ್ತು, ನಿಧಾನಕ್ಕೆ ಈ ಕಡೆ ತಿರುಗ್ತು. ಮೊದಲ ಒಂದು ನಿಮಿಷ ಹೋಗಿರಬಹುದು, ಹೋಗ್ಲಿ. ಅವಳು ಬರೋದು ಕೊನೇಲಿ.”

ನಾನು ಗುಂಡಿ ಒತ್ತಿದೆ. ಹನ್ನೆರಡು ಸೆಕೆಂಡು. ಇನ್ನೊಮ್ಮೆ ಹಾಕು ಎಂದರು. ಹಾಕಿದೆ.

“ಸರಿಯಾಗೇ ನಿಂತಿತ್ತಲ್ಲೋ,” ಎಂದರು ಮೆಲ್ಲಗೆ. “ಅರ್ಧ ಗಂಟೆ ಅವಳ ಕಡೆಗೇ ಮುಖ ಮಾಡಿ ನಿಂತಿತ್ತು.”

ಬೆಳಿಗ್ಗೆ ಡಿಶ್ ಆ ಕಡೆ ಯಾಕಿತ್ತೆಂದು ಅವರು ಕೇಳಲಿಲ್ಲ. ಫುಟ್ಬಾಲಿನ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ನನ್ನ ಬಾಯಿಂದ ಹೊರಟಿದ್ದು ಬೇರೆ: “ಮೋಟಾರ್ ಹಳೇದಾಯ್ತು, ಚಿಕ್ಕಪ್ಪ.”

ಹೌದೆಂದು ತಲೆಯಾಡಿಸಿ ಎದ್ದರು. ಗ್ರೀಸಿನ ಡಬ್ಬಿ ಹುಡುಕಿ ಏಣಿ ಹತ್ತಿದರು. ನಾನು ಕೆಳಗೆ ಏಣಿ ಹಿಡಿದು ನಿಂತೆ. ಬೆಳಕು ಇಳಿಯುವವರೆಗೂ ಅವರು ಆ ಮೋಟಾರನ್ನು ಬಿಚ್ಚಿ, ಒರೆಸಿ, ಒಂದೊಂದೇ ಹಲ್ಲಿಗೆ ಗ್ರೀಸು ಹಚ್ಚಿದರು. ಅದರದು ಏನೂ ತಪ್ಪಿರಲಿಲ್ಲ.