ಓದದೆ ಅಳಿಸಿದ ಮೂರು ಮೆಸೇಜು

ದೇವದುರ್ಗ ತಾಲೂಕಿನ ಜಾಲಹಳ್ಳಿಯಲ್ಲಿ ಮೊಬೈಲಿಗೆ ಬ್ಯಾಂಕಿನ ಹೆಸರಲ್ಲಿ ಏನೇ ಬಂದರೂ ಹೆಣ್ಣುಮಕ್ಕಳು ಮೊದಲು ಓಡುತ್ತಿದ್ದದ್ದು ಸುನಂದಾಳ ಮನೆಗೆ. ಸುನಂದಾ ಮಹಿಳಾ ಸಂಘದ ಲೆಕ್ಕ ಬರೆಯುವವಳು. ಪಿಯುಸಿ ಓದಿದ್ದಳು, ರಾಯಚೂರಿನಲ್ಲಿ ಮೂರು ದಿನ ತರಬೇತಿ ಪಡೆದಿದ್ದಳು, ಮಾತು ಕಡ್ಡಿ ಮುರಿದ ಹಾಗೆ. ಎರಡು ವರ್ಷದ ಹಿಂದೆ ಸಂಘದ ಹಂಪಮ್ಮ ಯಾವುದೋ ಲಿಂಕ್ ಒತ್ತಿ ಹದಿನೆಂಟು ಸಾವಿರ ಕಳೆದುಕೊಂಡಳು. ಆಗ ಸುನಂದಾ ಸಭೆಯಲ್ಲಿ ಎದ್ದು ನಿಂತು ಒಂದು ಪಾಠ ಹೇಳಿದ್ದಳು: "ಬ್ಯಾಂಕಿನ ಹೆಸರ್ಲೆ ಏನರ ಬರ್ಲಿ, ನೋಡಬ್ಯಾಡ್ರಿ. ಅಳಿಸಿ ಒಗೀರಿ." ಪಾಠ ಎಲ್ಲರಿಗೂ ಬಾಯಿಪಾಠವಾಯಿತು. ಅದು ಅರ್ಧ ಪಾಠ ಎಂದು ಆಗ ಯಾರಿಗೂ ಹೊಳೆಯಲಿಲ್ಲ. ಸುನಂದಾಳಿಗಂತೂ ಹೊಳೆಯಲೇ ಇಲ್ಲ.

ಸಂಘದ ಮೂವತ್ತೊಂದು ಮಂದಿಗೂ ಮಿಂಚು ಬ್ಯಾಂಕಿನಲ್ಲಿ ಖಾತೆ ತೆರೆಸಿದವಳೂ ಇದೇ ಸುನಂದಾ. ಮಿಂಚಿಗೆ ಕಟ್ಟಡವಿಲ್ಲ, ಕಿಟಕಿಯಿಲ್ಲ, ಫೋನಿನಲ್ಲೇ ಎಲ್ಲ. ಖಾತೆಯಲ್ಲಿ ಇಷ್ಟು ಹಣ ಇರಲೇಬೇಕೆಂಬ ಕಟ್ಟಳೆಯಿಲ್ಲ. ಪೇಟೆಯ ಬ್ಯಾಂಕಿಗೆ ಹೋಗಿ ಸಾಲಿನಲ್ಲಿ ನಿಂತರೆ ಒಂದು ದಿನದ ಕೂಲಿ ಮುಳುಗುತ್ತಿದ್ದ ಹೆಂಗಸರಿಗೆ ಇದು ಸ್ವರ್ಗ. ಅವರಲ್ಲಿ ಗೋಪಮ್ಮನೂ ಒಬ್ಬಳು. ಗಂಡ ತೀರಿಕೊಂಡು ಏಳು ವರ್ಷ. ಮಗಳು ಮೌನೇಶ್ವರಿ ಪಿಯುಸಿ ಮುಗಿಸಿ ನರ್ಸಿಂಗ್ ಸೀಟಿಗೆ ಅರ್ಜಿ ಹಾಕಿದ್ದಳು. ಸೀಟು ಸಿಕ್ಕರೆ ಕಟ್ಟಲಿಕ್ಕೆ ಎಂದು ತಾಯಿ ಮಗಳು ಎರಡು ಹಂಗಾಮು ಮಾನ್ವಿ ಸೀಮೆಯ ಚೀಕಲಪರ್ವಿ ಕಡೆ ಭತ್ತದ ನಾಟಿಗೆ ಹೋಗಿದ್ದರು. ಕೆಸರಿನಲ್ಲಿ ನಿಂತು ನಿಂತು ಕಾಲ್ಬೆರಳ ಸಂದುಗಳು ಕೊಳೆತು ಹೋಗಿದ್ದವು. ಆ ಕೂಲಿಯೆಲ್ಲ ಮಿಂಚಿನಲ್ಲಿತ್ತು, ಮೂವತ್ತನಾಲ್ಕು ಸಾವಿರದ ಮೇಲೆ.

ಒಂದು ಶುಕ್ರವಾರ ಸಂಜೆ ಗೋಪಮ್ಮ ಫೋನು ಹಿಡಿದುಕೊಂಡು ಬಂದಳು.

"ಅಕ್ಕಾರ, ಮತ್ತ ಬಂದದ ನೋಡ್ರಿ."

ಸುನಂದಾ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಕತ್ತು ಚಾಚಿ ಮೊದಲ ಸಾಲು ನೋಡಿದಳು. 'ಪ್ರಿಯ ಗ್ರಾಹಕರೇ, ಮಿಂಚು ಬ್ಯಾಂಕ್ ಇನ್ನು ಪೂರ್ಣೋದಯ ಬ್ಯಾಂಕಿನಲ್ಲಿ ವಿಲೀನ...' ಅಷ್ಟು ಸಾಕಾಯಿತು.

"ಪೂರ್ಣೋದಯ ಅಂತ! ಕಳ್ಳರು ದಿನಕ್ಕೊಂದು ಹೆಸರಿಟ್ಕೊಂಡು ಬರ್ತಾರ. ಅಳಿಸ್ಬಿಡು."

"ಮೂರನೇ ಸಲ ಬಂದದಲ್ರೀ. ಕಳ್ಳ ಆದವ ತಾರೀಖು ಹೇಳಿ ಮೂರು ಸಲ ಬರ್ತಾನೇನ್ರಿ?"

"ಮೂವತ್ತು ಸಲ ಬರ್ತಾನ. ಹಂಪಮ್ಮಂದು ಏನಾತು, ಮರ್ತೇನ?"

"ಅದು ಖರೆ. ಆದ್ರೂ ದೇವದುರ್ಗಕ್ಕ ಹೋದಾಗ ಯಾರಿಗರ ಕೇಳಿ ನೋಡ್ಲೇನ್ರಿ?"

"ಯಾರಿಗೆ ಕೇಳ್ತಿ? ಮಿಂಚಿಗೆ ಆಫೀಸು ಎಲ್ಯದ? ನನ್ ಮ್ಯಾಲ ಭರೋಸ ಇಲ್ಲೇನ ನಿನಗ?"

ಈ ಕೊನೆಯ ಮಾತಿಗೆ ಗೋಪಮ್ಮ ಏನು ಹೇಳಿಯಾಳು? ಸುಮ್ಮನೆ ಅಳಿಸಿದಳು. ಹಿಂದಿನ ಎರಡನ್ನೂ ಹೀಗೇ ಅಳಿಸಿದ್ದಳು.

ಆ ಮೆಸೇಜು ನಿಜವಾಗಿತ್ತು. ಮಿಂಚು ಬ್ಯಾಂಕನ್ನು ಪೂರ್ಣೋದಯ ಬ್ಯಾಂಕು ಕೊಂಡು ತನ್ನೊಳಗೆ ಸೇರಿಸಿಕೊಂಡಿತ್ತು. ಶುಕ್ರವಾರ ರಾತ್ರಿಯಿಂದ ಸೋಮವಾರ ಬೆಳಗಿನವರೆಗೆ ವ್ಯವಹಾರ ನಿಲ್ಲುತ್ತದೆ, ಆಮೇಲೆ ಹಳೆಯ ಆ್ಯಪ್ ನಡೆಯುವುದಿಲ್ಲ, ಗುರುತಿನ ದಾಖಲೆ ಹಳೆಯದಾದವರು ಅಷ್ಟರೊಳಗೆ ಹೊಸದು ಕೊಡಬೇಕು, ಇಲ್ಲವಾದರೆ ಹಣ ತೆಗೆಯಲು ಬರುವುದಿಲ್ಲ ಎಂದು ಕೆಳಗಿನ ಸಾಲುಗಳಲ್ಲಿ ಬರೆದಿತ್ತು. ಬ್ಯಾಂಕಿನವರು ತಮ್ಮ ಕರ್ತವ್ಯ ಮುಗಿಸಿ ಕೈ ತೊಳೆದುಕೊಂಡರು. ನಮ್ಮ ಕಡೆ ಕೂಸಿಗೆ ಹೆಸರಿಡುವುದಿದ್ದರೂ ಮನೆಮನೆಗೆ ಹೋಗಿ ಕರೆಯುತ್ತಾರೆ. ಇವರು ಬಡವರ ಗಂಟನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಹೊತ್ತೊಯ್ಯುವಾಗ ಮೂರು ಮೆಸೇಜು ಕಳಿಸಿ ಸುಮ್ಮನಾದರು.

ಮರುದಿನ ಶನಿವಾರ ಮೌನೇಶ್ವರಿಗೆ ಸೀಟು ಸಿಕ್ಕ ಸುದ್ದಿ ಬಂತು. ರಾಯಚೂರಿನ ಕಾಲೇಜು, ಮೂವತ್ತೆರಡು ಸಾವಿರ ಫೀಸು. ಸೋಮವಾರ ಸಂಜೆ ನಾಲ್ಕರೊಳಗೆ ಆನ್‌ಲೈನಿನಲ್ಲೇ ಕಟ್ಟಬೇಕು, ತಪ್ಪಿದರೆ ಸೀಟು ಮುಂದಿನವರಿಗೆ. ಗೋಪಮ್ಮ ಓಣಿಗೆಲ್ಲ ಸಕ್ಕರೆ ಹಂಚಿದಳು. ಸುನಂದಾ, "ಸೋಮವಾರ ನಾನ ಬಂದು ಕಟ್ಟಿಸಿ ಕೊಡ್ತೀನಿ" ಎಂದಳು. ಆ ಮಾತಿನಲ್ಲಿ ಕಪಟವಿರಲಿಲ್ಲ.

ಸೋಮವಾರ ಒಂಬತ್ತೂವರೆಗೆ ಮೂವರೂ ದೇವದುರ್ಗದ ಕುತುಬುದ್ದೀನನ ಆನ್‌ಲೈನ್ ಅಂಗಡಿಯಲ್ಲಿದ್ದರು. ಮಿಂಚಿನ ಆ್ಯಪ್ ತೆರೆದರೆ, 'ಈ ಸೇವೆ ನಿಂತಿದೆ' ಎಂದಿತು. ಕುತುಬುದ್ದೀನ್ ಬುದ್ಧಿವಂತ. ಹೆಸರು ಸರಿಯಾಗಿ ನೋಡಿ, ಪ್ಲೇ ಸ್ಟೋರಿನಿಂದ ಪೂರ್ಣೋದಯದ ಆ್ಯಪ್ ಇಳಿಸಿದ. ಗೋಪಮ್ಮನ ಹೆಸರು ಬಂತು, ಮೂವತ್ತನಾಲ್ಕು ಸಾವಿರದ ಇನ್ನೂರ ಹತ್ತು ರೂಪಾಯಿ ಕಾಣಿಸಿತು. ಕೆಳಗೆ ಕೆಂಪಕ್ಷರದಲ್ಲಿ, ದಾಖಲೆಯೊಂದಿಗೆ ಶಾಖೆಗೆ ಬನ್ನಿ ಎಂದಿತ್ತು.

"ಅವ್ವಾ, ರೊಕ್ಕ ಎಲ್ಲೂ ಹೋಗಿಲ್ಲ, ಬರೋಬ್ಬರಿ ಅದ. ಖರೆ ಈಗ ತೆಗಿಯಾಕ ಬರಂಗಿಲ್ಲ" ಎಂದ ಕುತುಬುದ್ದೀನ್.

"ನಂದ ರೊಕ್ಕ, ನನಗ್ಯಾಕ ಬರಂಗಿಲ್ಲೋ ಯಪ್ಪಾ?"

ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗಾಯಿತು. ಸುನಂದಾ ಫೋನು ಕೈಗೆತ್ತಿಕೊಂಡಳು. ಸಂಘದ ಹೆಂಗಸರಿಗೆ ಒಬ್ಬೊಬ್ಬರಿಗೇ ಫೋನು ಹಚ್ಚಿದಳು. ಯಾರಾದರೂ ಒಂದು ದಿನದ ಮಟ್ಟಿಗೆ ಕೈಗಡ ಕೊಟ್ಟರೆ ಸಾಕಿತ್ತು. ಕೊಡುವ ಮನಸ್ಸು ಎಲ್ಲರಿಗೂ ಇತ್ತು. ಆದರೆ ಅವರ ಹಣವೂ ಮಿಂಚಿನಲ್ಲೇ ಇತ್ತು, ಒಟ್ಟಿಗೇ ಖಾತೆ ತೆರೆದಿದ್ದರಿಂದ ಅವರ ದಾಖಲೆಗಳೂ ಹಳೆಯವೇ, ಅವರೂ ಆ ಮೂರು ಮೆಸೇಜು ಅಳಿಸಿದ್ದರು. ಸ್ವತಃ ಸುನಂದಾಳ ಹಣವೂ ಅಲ್ಲೇ ಸಿಕ್ಕಿಕೊಂಡಿತ್ತು. ಕುತುಬುದ್ದೀನ್ ತನ್ನ ಗಲ್ಲಾ ತೆಗೆದು ನಾಲ್ಕು ಸಾವಿರ ಮುಂದೆ ಚಾಚಿದ. ಉಳಿದ ಇಪ್ಪತ್ತೆಂಟು ಸಾವಿರಕ್ಕೆ ದಾರಿ ಇರಲಿಲ್ಲ.

ರಾಯಚೂರಿನ ಬಸ್ಸು ಹತ್ತಿದರು. ಪೂರ್ಣೋದಯದ ಶಾಖೆ ಇದ್ದದ್ದು ಅಲ್ಲಿ ಮಾತ್ರ. ಬಸ್ಸು ಇಳಿದು ಆಟೋ ಹಿಡಿದು ಹೋದರೆ ಬಾಗಿಲ ಹೊರಗೂ ಜನ. ಇವರ ಸರದಿ ಬರುವ ಹೊತ್ತಿಗೆ ಎರಡೂ ಕಾಲು. ಕೌಂಟರಿನಲ್ಲಿ ವಿಜಯಲಕ್ಷ್ಮಿ ಎಂಬ ಅಧಿಕಾರಿ ಇದ್ದಳು. ಆಧಾರ್ ನೋಡಿದಳು, ಸಹಿ ಹಾಕಿಸಿಕೊಂಡಳು, ಬೆರಳಚ್ಚು ತೆಗೆದುಕೊಂಡಳು.

"ಆತವ್ವ. ನಾಳಿ ಸಂಜಿ ಒಳಗ ತೆರೀತದ."

"ನಾಳಿ ಅಲ್ರೀ ಮೇಡಂ, ಇವತ್ತ ನಾಕಕ್ಕ ಕಟ್ಟಬೇಕು. ಮಗಳ ಸೀಟು ಹೋಗ್ತದ್ರೀ."

"ನನ್ನ ಕೈಯಾಗಿದ್ರ ಈಗ ಮಾಡಿ ಕೊಡ್ತಿದ್ದೆ. ಕಾಗದ ಹೆಡ್ಡಾಫೀಸಿನಾಗ ಪಾಸಾಗಬೇಕು. ಇವತ್ತ ಸಾವಿರಾರು ಮಂದೀದು ಹೋಗ್ಯಾವ." ಆಮೇಲೆ, ಬೈಯುವ ದನಿಯಲ್ಲಲ್ಲ, ನಿಜವಾಗಿ ಅರ್ಥವಾಗದೆ ಕೇಳಿದಳು: "ಒಂದು ತಿಂಗಳಿಂದ ಮೂರು ಸಲ ಮೆಸೇಜು ಬಂದಾವಲ್ಲ, ಯಾರೂ ಓದಿಲ್ಲೇನ್ರಿ?"

ಗೋಪಮ್ಮ ಸುನಂದಾಳ ಕಡೆ ನೋಡಲಿಲ್ಲ. ನೋಡಿ ಬೈದಿದ್ದರೆ ಸುನಂದಾಳಿಗೆ ಹಗುರಾಗುತ್ತಿತ್ತು. ಮೌನೇಶ್ವರಿ ಕಾಲೇಜಿಗೆ ಫೋನು ಮಾಡಿದಳು. ಅಲ್ಲಿದ್ದವರು, ಗಡುವು ಕಂಪ್ಯೂಟರಿನದು, ನಮ್ಮದೇನೂ ನಡೆಯುವುದಿಲ್ಲ ಎಂದರು. ನಾಲ್ಕು ಗಂಟೆಗೆ ಫೋನಿನಲ್ಲಿ ಅವಳ ಹೆಸರಿನ ಮುಂದೆ 'ರದ್ದು' ಎಂದು ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹುಡುಗಿ ಅಳಲಿಲ್ಲ. ದಾಖಲೆಗಳನ್ನು ಒಂದೊಂದಾಗಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಕಟ್ಟಿದಳು.

ಜನ ಕರಗಿದ ಮೇಲೆ ವಿಜಯಲಕ್ಷ್ಮಿ ಅವರನ್ನು ಒಳಗೆ ಕರೆದು ಕೂರಿಸಿ ಚಹಾ ತರಿಸಿದಳು.

"ನಿಮಗ ಈಗ ಹೇಳಿ ಏನು ಉಪಯೋಗ ಅಂತೀರಿ, ಖರೆ ಅದ. ಆದ್ರ ನಿಮ್ಮೂರಾಗ ಇನ್ನೂ ಮೂವತ್ತು ಮಂದಿ ಅದಾರ ಅಂದ್ರಲ್ಲ, ಅವರಿಗೆ ಹೇಳ್ರಿ" ಎಂದಳು. ಸುನಂದಾ ಕುತುಬುದ್ದೀನ್ ಮುದ್ರಿಸಿ ಕೊಟ್ಟಿದ್ದ ಫೀಸಿನ ಫಾರಮಿನ ಹಿಂಬದಿಯಲ್ಲಿ ಬರೆದುಕೊಳ್ಳತೊಡಗಿದಳು. ಆ ಫಾರಮಿನಿಂದ ಇನ್ನು ಬೇರೆ ಕೆಲಸವಿರಲಿಲ್ಲ.

"ಮೊದಲು ಖಾತೆ ನಂಬರು, ಐಎಫ್‌ಎಸ್‌ಸಿ ಕೋಡು ಬದಲಾಗ್ಯಾವೇನು ಅಂತ ಕೇಳ್ರಿ. ಕೋಡು ಬದಲಾಗಿದ್ರ, ಕೂಲಿ ಹಾಕೋ ಮೇಸ್ತ್ರಿಗೆ, ವಿದ್ಯಾರ್ಥಿವೇತನಕ್ಕ ಹೊಸಾದು ಕೊಡಬೇಕಾಗ್ತದ. ಪಿಂಚಣಿ, ಗ್ಯಾಸಿನ ರೊಕ್ಕ ಆಧಾರಿಗೆ ಯಾವ ಖಾತೆ ಜೋಡಿಸ್ಯಾರೋ ಅಲ್ಲಿಗೇ ಬರ್ತಾವ. ಆ ಜೋಡಣಿ ಹಂಗೇ ಅದೇನು ನೋಡ್ಕೊಳ್ರಿ."

"ವಿಮಾ ಕಂತು ತಾನ ಕಟ್ಟಾಗ್ತಿತ್ತಲ್ರೀ?" ಎಂದಳು ಗೋಪಮ್ಮ.

"ಅದನ್ನ ಮೊದಲು ನೋಡಬೇಕವ್ವ. ಕಂತು ಹೊಸ ಬ್ಯಾಂಕಿಗೆ ದಾಟಿ ಬಂದದೋ ಇಲ್ಲೋ ಅಂತ. ಒಂದು ಸಲ ತಪ್ಪಿದ್ರ ಪಾಲಿಸಿ ನಿಂತರೂ ನಿಲ್ಲಬಹುದು, ಗೊತ್ತಾಗೋದು ಸತ್ತ ಮ್ಯಾಲ. ನಾಮಿನಿ ಹೆಸರೂ ನೋಡ್ರಿ. ಮಿಂಚಿನಾಗ ಖಾತೆ ಖಾಲಿ ಇದ್ರೂ ನಡೀತಿತ್ತು, ಇಲ್ಲಿ ಹೆಂಗ, ದಂಡ ಹಾಕ್ತಾರೇನು ಅಂತ ಬರವಣಿಗೆಯಾಗ ಕೇಳ್ರಿ. ಠೇವಣಿ ಇದ್ರ ಮೊದಲು ಒಪ್ಪಿದ ಬಡ್ಡಿ ಮುಗಿಯೋತನ ಸಿಗ್ತದೇನು ಕೇಳ್ರಿ. ಮುಂದ ಇನ್ನೊಂದು ಸಲ ಹಿಂಗಾದ್ರ, ಹಳೇ ಆ್ಯಪಿನಾಗಿನ ಲೆಕ್ಕದ ಪಟ್ಟಿ ಅದು ಬಂದ್ ಆಗೋ ಮೊದಲ ಇಳಿಸಿ ಇಟ್ಕೊಳ್ರಿ. ಸೇರಿಸೋ ದಿನದ ಆಸುಪಾಸು ದೊಡ್ಡ ಕೆಲಸ ಇದ್ರ, ಅದರ ರೊಕ್ಕ ಮೊದಲ ಬ್ಯಾರೆ ಖಾತೆಯಾಗ ಇಡ್ರಿ."

"ಮತ್ತ ಕಳ್ಳರ ಮೆಸೇಜು?" ಎಂದಳು ಸುನಂದಾ.

"ಇಂಥಾ ಹೊತ್ತಿನಾಗ ಅವರೂ ಹೆಚ್ಚ ಬರ್ತಾರ. ಅದಕ್ಕ ಲಿಂಕ್ ಒತ್ತಬ್ಯಾಡ್ರಿ, ಓಟಿಪಿ ಯಾರಿಗೂ ಹೇಳಬ್ಯಾಡ್ರಿ. ಆದ್ರ ಮೆಸೇಜು ಪೂರ್ತಿ ಓದ್ರಿ, ಅಳಿಸಬ್ಯಾಡ್ರಿ. ನಿಮ್ಮ ಕಾರ್ಡಿನ ಹಿಂದ ನಂಬರದ, ಆ ನಂಬರಿಗೆ ನೀವ ಫೋನ್ ಹಚ್ಚಿ ಕೇಳ್ರಿ. ಮೆಸೇಜಿನಾಗ ಕೊಟ್ಟ ನಂಬರಿಗಲ್ಲ."

ಕಾರ್ಡಿನ ಹಿಂದೆ ನಂಬರಿತ್ತು! ಎರಡು ವರ್ಷದಿಂದ ಅದು ಗೋಪಮ್ಮನ ಟ್ರಂಕಿನಲ್ಲೇ ಇತ್ತು. ಯಾರಿಗೆ ಕೇಳ್ತಿ ಎಂದು ಗದರಿದ್ದ ಸುನಂದಾಳಿಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ರಾಯಚೂರಿನ ಬಸ್ ಸ್ಟ್ಯಾಂಡಿನಲ್ಲಿ ಮೌನೇಶ್ವರಿ ಮೆಲ್ಲಗೆ ಕೇಳಿದಳು: "ಅಕ್ಕಾರ, ಆ ಮೆಸೇಜು ನೀವು ಪೂರ್ತಿ ಓದಿದ್ರೇನ್ರಿ?"

ಸುಳ್ಳು ಹೇಳಬಹುದಿತ್ತು. ನಾಲಗೆಯ ತುದಿಗೆ ಬಂದೂ ಇತ್ತು.

"ಇಲ್ಲವ್ವ. ಮೊದಲನೇ ಸಾಲು ಓದೀನಿ. ಮೂರು ಸಲಾನೂ ಅಷ್ಟ."

ಕತ್ತಲಾದ ಮೇಲೆ ಮೂವರೂ ಜಾಲಹಳ್ಳಿ ಮುಟ್ಟಿದರು. ಮರುದಿನ ಸಂಜೆ ಗೋಪಮ್ಮನ ಫೋನಿಗೆ ಮೆಸೇಜು ಬಂತು: 'ಅಭಿನಂದನೆಗಳು! ನಿಮ್ಮ ಖಾತೆ ಸಿದ್ಧವಾಗಿದೆ.' ಅಭಿನಂದನೆಯಂತೆ!

ಗುರುವಾರ ಸಂಘದ ಸಭೆ ಸೇರಿತು. ಸುನಂದಾ ಫಾರಮಿನ ಹಿಂಬದಿಯಲ್ಲಿ ಬರೆದದ್ದನ್ನೆಲ್ಲ ಓದಿ ಹೇಳಿದಳು. ಆಮೇಲೆ ತನ್ನ ತಪ್ಪನ್ನೂ ಹೇಳಿದಳು. "ಮೆಸೇಜು ಓದದ ಅಳಿಸ್ರಿ ಅಂದವಳು ನಾನು. ಹುಡುಗಿ ಸೀಟು ಹೋದದ್ದು ನನ್ನಿಂದ. ಗೋಪಮ್ಮ ಕೇಳ್ತೀನಿ ಅಂದಾಗ ಬಾಯಿ ಮುಚ್ಚಿಸಿದವಳೂ ನಾನ." ಹಂಪಮ್ಮ, "ಹೋಗ್ಲಿ ಬಿಡವ್ವ, ಬೇಕಂತ ಮಾಡೀಯೇನ" ಎಂದಳು. ಗೋಪಮ್ಮ ಮಾತ್ರ ಹೋಗಲಿ ಎನ್ನಲಿಲ್ಲ. ಹಾಗೆ ಅನ್ನಬೇಕೆಂದು ಅವಳಿಗೇನೂ ಕಟ್ಟಳೆಯಿಲ್ಲ.

ಅವಳು ಎದ್ದು ಸೆರಗು ಬಿಗಿದಳು. "ಅಕ್ಕಾರ, ನೀವು ಕೆಟ್ಟವರಂತ ನಾ ಅನ್ನಂಗಿಲ್ಲ. ಖರೆ ಇನ್ನ ಮ್ಯಾಲ ನಿಮ್ಮ ಮಾತು ಕೇಳಿ ನಾ ಏನೂ ಒತ್ತಂಗಿಲ್ಲ, ಏನೂ ಅಳಸಂಗಿಲ್ಲ. ಒಂದು ದಿನದ ಕೂಲಿ ಹೋದ್ರ ಹೋಗ್ಲಿ, ನಾನ ಹೋಗಿ ಕೇಳ್ತೀನಿ."

ಸುನಂದಾ ತಲೆ ತಗ್ಗಿಸಿ, "ಅದ ಬರೋಬ್ಬರಿ ಪಾಠ" ಎಂದಳು. ಆ ವಾರವೇ ಮೂವತ್ತೊಂದು ಮಂದಿಯೂ ಆಧಾರ್, ಕಾರ್ಡು ಹಿಡಿದು ಎರಡು ಟೆಂಪೋ ಮಾಡಿಕೊಂಡು ರಾಯಚೂರಿಗೆ ಹೋಗಿ ಬಂದರು. ಇಬ್ಬರ ವಿಮೆ ಕಂತು ನಿಂತಿತ್ತು, ಸರಿ ಮಾಡಿಸಿಕೊಂಡರು. ನಾಲ್ವರ ನಾಮಿನಿ ಹೆಸರೇ ಇರಲಿಲ್ಲ, ಬರೆಸಿದರು. ಎಲ್ಲರಿಗೂ ಒಳ್ಳೆಯದಾಯಿತು, ಒಬ್ಬಳನ್ನು ಬಿಟ್ಟು.

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಬ್ಯಾಂಕೂ ನಾಳೆ ಇನ್ನೊಂದರ ಹೊಟ್ಟೆಗೆ ಸೇರಬಹುದು. ಹಣ ಎಲ್ಲಿಗೂ ಹೋಗುವುದಿಲ್ಲ ಎಂದು ಅವರು ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ಹಣ ಇರುವುದು ಬೇರೆ, ಬೇಕಾದ ದಿನ ಕೈಗೆ ಬರುವುದು ಬೇರೆ. ಮೌನೇಶ್ವರಿ ಈಗ ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಕೆಲಸಕ್ಕಿದ್ದಾಳೆ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕುತ್ತಾಳಂತೆ, ಸೀಟು ಸಿಗುತ್ತದೆಂದು ಯಾರೂ ಬರೆದುಕೊಟ್ಟಿಲ್ಲ. ಇವತ್ತೇ ನಿಮ್ಮ ಕಾರ್ಡು ಹೊರಗೆ ತೆಗೆಯಿರಿ, ಹಿಂದಿನ ನಂಬರಿಗೆ ಫೋನು ಹಚ್ಚಿ ಕೇಳಿ. ತಿಳಿದವರು ಹೇಳಿದರು ಎಂದು ಸುಮ್ಮನಾಗಬೇಡಿ. ಈ ಕಥೆ ಬರೆದ ನಮ್ಮನ್ನೂ ನಂಬಿ ಕೂರಬೇಡಿ, ನೀವೇ ಎದ್ದು ಹೋಗಿ ಕೇಳಿ.