ಬಸವಂತ್ರಾಯನ ರುಮಾಲು ಕುಣಿದದ್ದು

ಸುರಪುರದ ರಂಗಂಪೇಟೆಯಲ್ಲಿರುವ ಗುರುದೇವಿಯ ಮನೆಗೆ ಹೋದವರು ಕೂರಲು ಜಾಗ ಹುಡುಕಬೇಕು. ಮಂಚದ ಮೇಲೆ ಬಟ್ಟೆ, ಕಿಟಕಿಯಲ್ಲಿ ಬಟ್ಟೆ, ಜೋಳದ ಡಬ್ಬಿಯ ಮೇಲೂ ಬಟ್ಟೆ. ಹರಿದ ಇಳಕಲ್ ಸೀರೆಯ ಸೆರಗು, ಖಣದ ಕುಪ್ಪಸದ ಬೆನ್ನು, ಶಾಮಿಯಾನದ ಜಾಲರಿ, ಯಾರದೋ ಶೇರವಾನಿಯ ತೋಳು, ಎಲ್ಲವೂ ಊರೂರು ತಿರುಗಿ ಕೂಡಿಸಿದ್ದು.

ಮೊದಲು ಅವಳು ಶಾಲೆಯ ಯೂನಿಫಾರ್ಮ್ ಹೊಲಿಯುತ್ತಿದ್ದಳು. ವರ್ಷವಿಡೀ ಅದೇ ನೀಲಿ. ಒಂದು ದಿನ ಬೇಸತ್ತು, ಮನೆಯಲ್ಲಿದ್ದ ಬಣ್ಣಬಣ್ಣದ ತುಂಡುಗಳನ್ನೆಲ್ಲ ಸೇರಿಸಿ ತನಗೇ ಒಂದು ಉದ್ದ ಅಂಗಿ ಹೊಲಿದುಕೊಂಡಳು. ಅದನ್ನು ತೊಟ್ಟು ಸಂತೆಗೆ ಹೋದರೆ, ಬಳೆ ಮಾರುವವಳು ಅದು ತನಗೇ ಬೇಕೆಂದು ಮೈಮೇಲಿಂದಲೇ ಬಿಚ್ಚಿಸಿಕೊಳ್ಳಲು ನಿಂತಳು! ಅಂದಿನಿಂದ ಗುರುದೇವಿ ಒಂದರಂಥದ್ದು ಇನ್ನೊಂದನ್ನು ಹೊಲಿದಿಲ್ಲ. ಪಕ್ಕದ ಮನೆಯ ಗೌಹರಬೇಗಂ ಅವುಗಳ ಮೇಲೆ ಜರಿ ಕೆಲಸ ಮಾಡುತ್ತಾಳೆ.

ಈ ಸಲ ಶಹಾಪುರದ ಶಿಕ್ಷಕಿ ಲಕ್ಷ್ಮಿ ತನ್ನ ನಿಶ್ಚಿತಾರ್ಥಕ್ಕೆ ಸೊಂಟದ ಕೆಳಗೆ ಅಗಲವಾಗಿ ಹರಡುವ ದೊಡ್ಡ ಘೇರದ ಅಂಗಿ ಹೇಳಿಹೋಗಿದ್ದಳು. ಮೈಗೆ, ತೋಳಿಗೆ ಬಟ್ಟೆ ಹೊಂದಿತ್ತು. ಘೇರಕ್ಕೆ ಮಾತ್ರ ಯಾವುದೂ ಮನಸ್ಸಿಗೆ ಬರುತ್ತಿರಲಿಲ್ಲ. ಅಷ್ಟರಲ್ಲಿ ಬೋನಾಳದ ಮಲ್ಲಾಬಾಯಿ ಹಳೇ ಬಟ್ಟೆಯ ಗಂಟೊಂದನ್ನು ತಂದು ಹಾಕಿ ಹೋದಳು. ಗಂಟಿನ ತಳದಲ್ಲಿ ತಲೆಗೆ ಸುತ್ತುವ ಕೇಸರಿ ರುಮಾಲು. ಬಿಡಿಸುತ್ತ ಹೋದರೆ ಪಡಸಾಲೆ ದಾಟಿ ಅಂಗಳಕ್ಕೆ ಇಳಿಯಿತು. ಆ ಬಣ್ಣ ಕಂಡು ಗುರುದೇವಿಗೆ ಅಮಲೇರಿದಂತಾಯಿತು. ಕೇಳಬೇಕು, ವಿಚಾರಿಸಬೇಕು ಎಂಬುದು ನೆನಪಾಗುವ ಮೊದಲೇ ಕತ್ತರಿ ಓಡಿಬಿಟ್ಟಿತ್ತು.

ನಿಶ್ಚಿತಾರ್ಥದ ದಿನ ಬೆಳಗ್ಗೆ ಮನೆ ಮುಂದೆ ಬೈಕೊಂದು ನಿಂತಿತು. ಇಳಿದವನು ಮಲ್ಲಾಬಾಯಿಯ ಗಂಡ ಬಸವಂತ್ರಾಯ. ಹಿಂದೆ ಮಲ್ಲಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯುವಂತಿರಲಿಲ್ಲ.

"ಅಕ್ಕಾ, ನನ್ನ ರುಮಾಲ ಎಲ್ಲದ್ರಿ?"

"ನಾ ಅದು ಹಳೇ ಪರದಾ ಅಂತ ತಿಳಕೊಂಡೆ," ಎಂದಳು ಮಲ್ಲಾಬಾಯಿ.

"ಪರದಾ? ಅದನ್ನ ಸುತಗೊಂಡೇ ನಿನ್ನ ಕೊಳ್ಳಾಗ ತಾಳಿ ಕಟ್ಟೀನಿ!"

ಗುರುದೇವಿ ಮುಚ್ಚಿಡಲಿಲ್ಲ. "ಅಣ್ಣಾ, ಸುಳ್ಳ್ಯಾಕ ಹೇಳಲ್ರಿ? ಕತ್ತರಿಸಿ ಘೇರ ಮಾಡೀನಿ. ಇವತ್ತ ಶಹಾಪುರದಾಗ ನಿಶ್ಚಿತಾರ್ಥ ಅದ."

"ರುಮಾಲದ್ದಾ?"

"ಅಲ್ರಿ, ಅದನ್ನ ತೊಟ್ಟ ಹುಡುಗೀದು."

ಬಸವಂತ್ರಾಯ ಕಟ್ಟೆಯ ಮೇಲೆ ಕುಸಿದು ಕೂತ. ಗೌಹರಬೇಗಂ ನೀರು ತಂದುಕೊಟ್ಟಳು. ಕುಡಿದವನೇ ಎದ್ದು ನಿಂತ. "ನಡೀರಿ, ನೋಡೇ ಬರೂಣು. ಏನಾಗ್ಯಾದ ಅಂತ ಕಣ್ಣಿಲೆ ಕಾಣಬೇಕಲ್ಲ!"

ಬೈಕನ್ನು ಅಲ್ಲೇ ಬಿಟ್ಟು ನಾಲ್ವರೂ ಆಟೋ ಹತ್ತಿದರು. ದಾರಿಯುದ್ದಕ್ಕೂ ಬಸವಂತ್ರಾಯ ಹೆಂಡತಿಯನ್ನು ಬೈದ. "ಇಷ್ಟ ವರ್ಷ ಅದರ ಮ್ಯಾಲೆ ಬೆಕ್ಕು ಮಲಗತಿತ್ತು, ಆವಾಗ ಎಲ್ಲಿದ್ದಿ?" ಎಂದು ಮಲ್ಲಾಬಾಯಿ ತಿರುಗಿ ಕೇಳಿದಳು. ಗೌಹರಬೇಗಂಗೆ ನಗು ತಡೆಯಲಾಗದೆ ಬಿಕ್ಕಳಿಕೆ ಹತ್ತಿತು.

ಅವರು ಹೋಗುವ ಹೊತ್ತಿಗೆ ಉಂಗುರ ತೊಡಿಸಿ ಆಗಿತ್ತು, ಹಾಡು ಹಚ್ಚಿದ್ದರು. ಅಂಗಳದ ನಡುವೆ ಲಕ್ಷ್ಮಿ ಗರ್ರನೆ ತಿರುಗಿದಳು. ಕೇಸರಿ ಘೇರ ಛತ್ರಿಯಂತೆ ಬಿಚ್ಚಿ ಮೇಲೆದ್ದಿತು. ಗುರುದೇವಿ ಬಾಗಿಲಲ್ಲೇ ನಿಂತುಬಿಟ್ಟಳು. ಎಷ್ಟೊಂದು ಅಂಗಿ ಹೊಲಿದಿದ್ದಳು. ಒಂದಾದರೂ ಹೀಗೆ ಹಾರುವುದನ್ನು ಕಂಡಿರಲಿಲ್ಲ.

"ನನ್ನ ರುಮಾಲ!" ಎಂದು ಬಸವಂತ್ರಾಯ ಕೂಗಿದ.

ಹಾಡು ನಿಂತಿತು. ಎಲ್ಲರೂ ತಿರುಗಿದರು. ಲಕ್ಷ್ಮಿ ಗಾಬರಿಯಿಂದ, "ಏನಾತ್ರಿ ಕಾಕಾ?" ಎಂದಳು.

ಅವನು ಘೇರವನ್ನು ಮೇಲಿಂದ ಕೆಳಗೆ ನೋಡಿದ. ಮೀಸೆ ಅಲುಗಿತು. "ಏನಿಲ್ಲವ್ವಾ. ಇನ್ನೊಂದು ಸುತ್ತು ತಿರುಗು."

ಲಕ್ಷ್ಮಿ ತಿರುಗಿದಳು. ಆಗ ಸಗರದಿಂದ ಬಂದಿದ್ದ ಮುದುಕಿ ಅನ್ನಮ್ಮ ಎದ್ದು, "ಏ, ಆ ಹಸರ ತೋಳು ನಮ್ಮವ್ವನ ಸೀರಿ!" ಎಂದಳು. ಇನ್ನೊಬ್ಬಳು, "ಬೆನ್ನಿಂದು ನನ್ನ ಖಣ!" ಎಂದಳು. ಶಾಮಿಯಾನ ಹಾಕಿದವನೂ ಬಿಡಲಿಲ್ಲ. ಅಂಚಿನ ಜಾಲರಿ ತನ್ನದೆಂದು ಓಡಿಬಂದ. ಒಬ್ಬರು ತೋಳು ಹಿಡಿದರು, ಒಬ್ಬರು ಅಂಚು ಹಿಡಿದರು. ಲಕ್ಷ್ಮಿಗೆ ನಕ್ಕು ನಕ್ಕು ಉಸಿರು ಸಿಗದಂತಾಯಿತು.

"ನನಗೂ ಸ್ವಲ್ಪ ಉಳಸ್ರೀ!" ಎಂದು ವರ ರಾಮಲಿಂಗ ನುಗ್ಗಿ ಬಂದ. ಅಂಗಿಯ ಸುತ್ತ ತಿರುಗಿ ನೋಡಿ ಮುಖ ಸಣ್ಣದು ಮಾಡಿದ. "ಎಲ್ಲಾರದೂ ಅದ. ನಂದೇ ಇಲ್ಲ."

"ನಿಮ್ಮದೇನ ಹಚ್ಚಲ್ರಿ?" ಎಂದಳು ಗುರುದೇವಿ.

ಅವನು ತನ್ನ ಹೊಚ್ಚ ಹೊಸ ಶರ್ಟಿನ ಜೇಬು ತೋರಿಸಿದ. "ಇದನ್ನ ತಗೋರಿ."

"ಏ ಹುಚ್ಚಾ, ಹೊಸಾದದ!" ಎಂದು ಅವನ ತಾಯಿ ಓಡಿಬರುವಷ್ಟರಲ್ಲಿ ಗೌಹರಬೇಗಂ ಜೇಬು ಬಿಚ್ಚಿಯಾಗಿತ್ತು. ನಗುವ ಲಕ್ಷ್ಮಿ ಒಂದು ಕಡೆ ನಿಲ್ಲಲೊಲ್ಲಳು. ಗುರುದೇವಿ ಆ ಜೇಬನ್ನು ಘೇರದ ಮೇಲೆ ಹಚ್ಚಿದಾಗ ಸೊಟ್ಟಗೆ ಕೂತಿತು. ರಾಮಲಿಂಗ ಅದರೊಳಗೆ ಒಂದು ಪೇಡೆ ಇಟ್ಟ. ಬಸವಂತ್ರಾಯ ಆಗಲೇ ಹೆಣ್ಣಿನ ಕಡೆಯ ಹಿರಿಯರ ಸಾಲಿನಲ್ಲಿ ಕೂತು, ತನ್ನ ಲಗ್ನದ ಕಥೆ ಶುರು ಮಾಡಿದ್ದ.

ಹಾಡು ಮತ್ತೆ ಹಚ್ಚಿದರು. ಮಲ್ಲಾಬಾಯಿ ಗಂಡನ ಕೈ ಹಿಡಿದು ಕುಣಿಯಲು ಎಬ್ಬಿಸಿದಳು. ಗುರುದೇವಿ ಸೂಜಿಯನ್ನು ಸೆರಗಿಗೆ ಚುಚ್ಚಿ, ಕುಣಿಯಲು ಬರದಿದ್ದರೂ, ಗೌಹರಬೇಗಂಳನ್ನು ಎಳೆದುಕೊಂಡು ಅವರ ನಡುವೆ ಇಳಿದೇಬಿಟ್ಟಳು.