ಖರಾಡಿಯಲ್ಲಿ ಸತ್ತ ಡೈರೆಕ್ಟರು

ನನ್ನನ್ನು ಸಾಯಿಸಲು ಮುಂಬಯಿಯಿಂದ ಒಂದು ವ್ಯಾನು ತುಂಬ ಜನ ಬಂದಿದ್ದರು. ೨೦೦೩ರ ಮಾರ್ಚ್. ಪುಣೆಯ ಖರಾಡಿಯಲ್ಲಿ ಯಾವುದೋ ಕಂಪ್ಯೂಟರ್ ಆಫೀಸಿನ ಕಟ್ಟಡಕ್ಕೆ ನಾವು ಕಾಂಕ್ರೀಟ್ ಹೊರುತ್ತಿದ್ದೆವು. ಅವರ ಸಿನಿಮಾದಲ್ಲಿ ಒಬ್ಬ ಕೂಲಿಯವ ಮೇಲಿಂದ ಬಿದ್ದು ಸಾಯಬೇಕು, ಹೆಂಡತಿ ಅಳಬೇಕು. ಹೆಣ ಧರ್ಮಣ್ಣ, ಅಂದರೆ ನಾನು. ಅಳುವವಳು ನನ್ನ ಹೆಂಡತಿ ಮಾನಮ್ಮ ಎಂದು ನಮ್ಮ ಮೇಸ್ತ್ರಿ, ಮುಕಾದಮ ಅಂಬಾದಾಸ, ನಮ್ಮನ್ನು ಕೇಳದೆಯೇ ಒಪ್ಪಿಕೊಂಡಿದ್ದ.

ಮಾನಮ್ಮ ನಾಟಕ ಕಂಪನಿಯ ನಾಯಕಿಯಾಗಿದ್ದವಳು. ಅದೇ ಕಂಪನಿಯಲ್ಲಿ ಹಾರ್ಮೋನಿಯಂ ಪೆಟ್ಟಿಗೆ ಬಾರಿಸುವ ಕೆಲಸ ನನ್ನದು. ಕಂಪನಿ ಮುಚ್ಚಿ ಪುಣೆಗೆ ಬಂದ ಮೇಲೂ ಪ್ರತಿ ರವಿವಾರ ನಮ್ಮ ತಗಡಿನ ಶೆಡ್ಡಿನ ಮುಂದೆ ಅವಳ ನಾಟಕ ತಪ್ಪಿರಲಿಲ್ಲ. ಮಗಳು ಭಾಗ್ಯಾ, ಮಗ ಭೀಮು ಪಾತ್ರ ಹಾಕುತ್ತಿದ್ದರು. ನನಗೆ ಒಂದೇ ಭಯ: ಇವಳನ್ನು ನೋಡಿದರೆ ಸಿನಿಮಾದವರು ಬಿಟ್ಟು ಹೋಗುವುದಿಲ್ಲ. ಹೋಗಬೇಡ ಅನ್ನಲು ನನಗೆ ಯಾವ ಮುಖ? ಕಿರೀಟ ಇಟ್ಟ ತಲೆಯ ಮೇಲೆ ಈಗ ಬುಟ್ಟಿ ಇತ್ತು.

ಹುಡುಗನೊಬ್ಬ ಹಿಡಿದ ಛತ್ರಿಯ ನೆರಳಲ್ಲಿ ಕುಳಿತೇ ಡೈರೆಕ್ಟರು ನನಗೆ ಮಲಗಲು ಹೇಳಿದ. ಮಾನಮ್ಮ ಅಡ್ಡ ಬಂದಳು.

‘ನಮ್ಮ ಮನಿಯವ್ರು ಸ್ಟೇಜಿನ ಮ್ಯಾಲೂ ಸತ್ತಿಲ್ರಿ, ಪೆಟ್ಟಿಗಿ ಬಾರಿಸ್ಯಾರ ಅಷ್ಟ. ಹೆಣ ಬೇಕಂದ್ರ ಸಾಹೇಬ್ರ ಮಲಗಲಿ.’

ಅಂಬಾದಾಸ ಅದನ್ನು ಮರಾಠಿಗೆ ತಿರುಗಿಸಿದ: ‘ನೀವೇ ಮಲಗಿದರೆ ಆಕೆಗೆ ನಿಜವಾದ ಅಳು ಬರ್ತದಂತ, ಸಾಹೇಬ್.’ ಸಾಹೇಬ ಉಬ್ಬಿಹೋದ. ಹೇಗೂ ಹೆಣದ ಮುಖ ಕಾಣುವುದಿಲ್ಲವಲ್ಲ, ಟೋಪಿ ತೆಗೆದು ಗೋಣಿಚೀಲದ ಮೇಲೆ ಮಲಗಿ ಬಿಳಿ ಚಾದರ ಹೊದ್ದುಕೊಂಡ.

ನಮ್ಮ ಕಡೆ ಸತ್ತವರ ಮುಂದೆ ಹೆಂಗಸರು ಅವರ ಗುಣಗಳನ್ನು ಹೇಳಿ ಹಾಡಿಕೊಂಡು ಅಳುತ್ತಾರೆ. ಮಾನಮ್ಮ ಎದೆ ಬಡಿದುಕೊಂಡು ಶುರು ಮಾಡಿದಳು.

‘ಬಿಸಲಾಗ ನಮ್ಮನ್ನ ನಿಲ್ಲಿಸಿ ನೆರಳಾಗ ಕುಂತಿದ್ಯಲ್ಲೋ ನನ್ನ ದೊರಿಯೇ! ಹಳಸಿದ ವಡಾಪಾವ್ ಇನ್ನ ನಮಗ ಕೊಡಾವ್ರ್ಯಾರೋ! ನಿನ್ನ ಛತ್ರಿ ಹಿಡಿಯಾಂವ ಇನ್ನ ಯಾರ ಬೈಗುಳ ತಿನ್ನಲೋ!’

ಸುತ್ತ ಕುಳಿತ ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅವರ ಭುಜ ಕುಣಿಯುವುದನ್ನು ನೋಡಿ ಕ್ಯಾಮೆರಾದವನ ಕಣ್ಣು ತುಂಬಿತು. ಕನ್ನಡ ಬಾರದವನಿಗೆ ಅಳುವುದೂ ನಗುವುದೂ ಸೆರಗಿನ ಹಿಂದೆ ಒಂದೇ. ನಾನು ಮರಳಿನ ರಾಶಿಯ ಹಿಂದೆ ಟವೆಲ್ ಕಚ್ಚಿಕೊಂಡಿದ್ದೆ.

ಆಮೇಲೆ ಅವಳ ದನಿ ಇಳಿಯಿತು.

‘ಊರ ಮಣ್ಣು ಬಿಟ್ಟು ಬಂದು, ಮಂದಿ ಮನಿ ಕಟ್ಟಿ, ಬಯಲಾಗ ಮಲಗಿದ್ಯಲ್ಲೋ.’

ಇದು ಸಾಹೇಬನಿಗೆ ಹಾಡಿದ್ದಲ್ಲ. ನಗುತ್ತಿದ್ದ ಹೆಂಗಸರು ನಿಜವಾಗಿಯೇ ಅತ್ತರು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.

ಹೆಣ ಎದ್ದು ಕುಳಿತು ಕಣ್ಣೊರೆಸಿಕೊಂಡಿತು. ಮುಂದಿನ ಸಿನಿಮಾಕ್ಕೆ ಈಕೆಯೇ ನಾಯಕನ ತಾಯಿ, ಇವತ್ತೇ ಮುಂಬಯಿಗೆ ಹೊರಡಬೇಕು, ಸ್ವಾರಗೇಟದಿಂದ ಸಾಸವಡತನಕ ಗೋಡೆಗೋಡೆಗೂ ಈಕೆಯ ಪೋಸ್ಟರು ಎಂದ. ಅಂಬಾದಾಸ ಈ ಸಲ ಒಂದಕ್ಷರ ಬದಲಿಸದೆ ತಿಳಿಸಿದ. ನಾನು ಮರಳಿನ ರಾಶಿ ಬಿಟ್ಟು ಹತ್ತಿರ ಬಂದೆ.

ಮಾನಮ್ಮ ಸೆರಗು ಸರಿಮಾಡಿಕೊಂಡಳು. ‘ನಾ ಏನ್ ಹಾಡಿದೆ ಅಂತ ಸಾಹೇಬ್ರನ್ನ ಕೇಳು.’

ಅಂಬಾದಾಸ ಕೇಳಿದ. ಸಾಹೇಬ ಎದೆಯ ಮೇಲೆ ಕೈಯಿಟ್ಟುಕೊಂಡ: ‘ಎಂಥ ಪ್ರೀತಿ!’

‘ತಿಳೀದವ್ರ ಮುಂದ ಅತ್ತು ಏನ್ ಮಾಡ್ಲಿ?’ ಎಂದು ಅವಳು ಬುಟ್ಟಿ ಎತ್ತಿಕೊಂಡಳು. ‘ನಾಡಿದ್ದ ರವಿವಾರ ಅದ. ಭೀಮೂಗ ಇನ್ನೂ ಪಾರ್ಟಿನ ಮಾತು ಬಾಯಿಗೆ ಬಂದಿಲ್ಲ.’

ಸಂಜೆ ಅವಳು ಮಕ್ಕಳಿಗೆ ಮಾತು ಹೇಳಿಕೊಡುವಾಗ ನಾನು ಪೆಟ್ಟಿಗೆ ತೆರೆಯುತ್ತ ಚೇಷ್ಟೆಗೆ ಕೇಳಿದೆ: ‘ಆ ಸಾಹೇಬಗ ಅಷ್ಟು ಚಂದ ಹಾಡಿದಿ. ನಾ ಸತ್ತರ ಏನ್ ಹಾಡ್ತಿ?’

ಅವಳು ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ.

‘ಆ ಪಾರ್ಟು ನಾ ಕಲಿಯಾಂಗಿಲ್ರಿ,’ ಅಂದಳು. ‘ಶ್ರುತಿ ಹಿಡೀರಿ.’

ಇಪ್ಪತ್ತು ವರ್ಷ ಬಾರಿಸಿದ ಕೈ ಅವತ್ತು ತಪ್ಪು ಶ್ರುತಿ ಹಿಡಿಯಿತು.